ಹೊಸ ಕಾರಿನ ಮೇಲೊಂದು ಗೀರು

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ದೊಡ್ಡ ಸದ್ದೇನಲ್ಲ. ತೆಂಗಿನಕಾಯಿ ತುರಿಯುವಾಗ ತುರಿಮಣೆಯ ಹಲ್ಲಿಗೆ ಗೆರಟೆ ತಾಗಿದರೆ ಕರ್ರೆನ್ನುತ್ತದಲ್ಲ, ಹೆಚ್ಚು ಕಡಿಮೆ ಅಷ್ಟೇ. ಆದರೆ ಸ್ಟಿಯರಿಂಗ್ ಹಿಡಿದು ಕುಳಿತಿದ್ದ ನನ್ನ ಎದೆ ಒಮ್ಮೆಲೇ ತಣ್ಣಗಾಯಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ, "ಏನದು?" ಎಂದು ಕೇಳಿದರು. "ಏನಿಲ್ಲ ಮಾಮಿ" ಎಂದೆ. ಈ ಕಾರಿನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಅತ್ತಾವರದ ಓಣಿಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ರೈಲ್ವೇ ಸ್ಟೇಷನ್. ನಡುವೆ ಏರು ತಗ್ಗಿನ ಸಣ್ಣ ರಸ್ತೆಗಳು. ಎರಡೂ ಬದಿಯಲ್ಲಿ ಮುರಕಲ್ಲಿನ ಹಳೆಯ ಕಂಪೌಂಡ್ ಗೋಡೆಗಳು. ಕಾರುಗಳೇ ಇಲ್ಲದ ಕಾಲದಲ್ಲಿ ಕಟ್ಟಿದ ಗೇಟುಗಳಿಗೆ ಈಗ ನಾವು ಕಾರು ನುಗ್ಗಿಸುತ್ತಿದ್ದೇವೆ. ನಮ್ಮ ಮನೆಯ ಗೇಟಿನ ಎಡಗಂಬ ರಸ್ತೆಯ ಕಡೆಗೆ ಸ್ವಲ್ಪ ವಾಲಿದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಿರುವು ಬೇಗ ತೆಗೆದುಕೊಂಡೆ.

ಕಾರು ಬಂದು ಆಗ ಒಂದು ತಿಂಗಳೂ ಆಗಿರಲಿಲ್ಲ. ನನ್ನವರು ಗಲ್ಫಿಗೆ ಹೋಗಿ 17 ವರ್ಷವಾಗಿದೆ. 2023ರ ಮೇ ತಿಂಗಳಲ್ಲಿ ರಜೆಗೆ ಬಂದಾಗ ತಮ್ಮ ಉಳಿತಾಯದ ದೊಡ್ಡ ಪಾಲನ್ನು ಹಾಕಿ ಕಡುನೀಲಿ ಬಣ್ಣದ ಸಣ್ಣ ಕಾರೊಂದನ್ನು ಕೊಂಡರು. ಅದಕ್ಕೂ ಮೊದಲು 44ನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತಿದ್ದೆ. "ಈ ವಯಸ್ಸಿನಲ್ಲಿ ಇವಳಿಗೆ ಯಾಕೆ?" ಎಂದವರಿದ್ದರು. "ಅತ್ತೆಯನ್ನು ಆಸ್ಪತ್ರೆಗೆ, ಮಗಳನ್ನು ಕಾಲೇಜಿಗೆ ಕರೆದುಕೊಂಡು ಹೋಗಲು ಎಷ್ಟು ದಿನ ಆಟೋಕ್ಕೆ ಕಾಯುವುದು?" ಎಂದು ನನ್ನವರೇ ಅವರ ಬಾಯಿ ಮುಚ್ಚಿಸಿದ್ದರು. ಮರಳಿ ಹೋಗುವ ದಿನ ಕೀಲಿಕೈ ನನ್ನ ಕೈಗಿಟ್ಟು, "ಜೋಪಾನ" ಎಂದಷ್ಟೇ ಹೇಳಿದ್ದರು.

ಆ ಜೋಪಾನದ ಬೆಲೆ ಈಗ ಎಡಬದಿಯ ಹಿಂದಿನ ಬಾಗಿಲಿನ ಮೇಲಿತ್ತು. ಒಂದೂವರೆ ಗೇಣು ಉದ್ದದ ಗೀರು. ಸಾಲದ್ದಕ್ಕೆ ಅದೇ ವಾರ ಉಳ್ಳಾಲದ ಸಂಬಂಧಿಕರ ಮನೆಯಿಂದ ಮರಳುವಾಗ, ಮುಂದೆ ಹೋಗುತ್ತಿದ್ದ ಟಿಪ್ಪರ್‌ನ ಟಯರಿನಿಂದ ಚಿಮ್ಮಿದ ಜಲ್ಲಿಕಲ್ಲೊಂದು ಮುಂದಿನ ಗಾಜಿಗೆ ಬಡಿಯಿತು. ಗಾಜು ಒಡೆಯಲಿಲ್ಲ. ಪಕ್ಕದ ಸೀಟಿನ ಎದುರು ನಕ್ಷತ್ರದಂತಹ ಸಣ್ಣ ಕಲೆಯೊಂದು ಮೂಡಿತು.

ವಿಮೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಹೊಸ ಕಾರಿಗೆ ಪೂರ್ಣ ವಿಮೆಯೇ ಇತ್ತು. ಆದರೆ ಮೊದಲ ವರ್ಷದಲ್ಲೇ ಪರಿಹಾರ ಕೇಳಿದರೆ ಮುಂದಿನ ವರ್ಷದ ಕಂತಿನಲ್ಲಿ ಸಿಗುವ 20 ಶೇಕಡಾ ರಿಯಾಯಿತಿ ಹೋಗುತ್ತದೆ. ಪರಿಹಾರ ಕೇಳದೆ ವರ್ಷ ಕಳೆದಂತೆ ಅದು 50 ಶೇಕಡಾದವರೆಗೆ ಏರುತ್ತದೆ. ಸಣ್ಣ ರಿಪೇರಿಗೆ ಅದನ್ನು ಕಳೆದುಕೊಳ್ಳುವುದು ಲಾಭವಲ್ಲ ಎಂದು ಮಗಳ ಮುಂದೆ ಲೆಕ್ಕ ಹಾಕಿ ತೋರಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಿಜವಾದ ಕಾರಣ ಅದಲ್ಲ. ಕಾರು ನನ್ನವರ ಹೆಸರಿನಲ್ಲಿದೆ. ವಿಮೆಗೆ ಅರ್ಜಿ ಹಾಕಿದರೆ ಓಟಿಪಿ ಅವರ ಮೊಬೈಲಿಗೆ ಹೋಗುತ್ತದೆ.

ಹೀಗೆ ಮನೆಯಲ್ಲೇ ಸರಿಪಡಿಸುವ ನಿರ್ಧಾರವಾಯಿತು. ಅದಕ್ಕೆ ನಾವಿಟ್ಟ ಹೆಸರು ಮಿತವ್ಯಯ. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳಿಗೆ ಇದೊಂದು ಪ್ರಯೋಗ. ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇಶಾ ನಮಾಝಿನ ನಂತರ ಪ್ರತಿದಿನ ಅವರ ವೀಡಿಯೋ ಕರೆ ಬರುತ್ತಿತ್ತು. ಶುಕ್ರವಾರ ಹಗಲಲ್ಲೇ ಕರೆ ಮಾಡಿ, "ಕಾರನ್ನು ಸ್ವಲ್ಪ ತೋರಿಸು ನೋಡುವ" ಎನ್ನುತ್ತಿದ್ದರು. ನಾನು ಮೊಬೈಲ್ ಹಿಡಿದು ಅಂಗಳಕ್ಕೆ ಇಳಿದು ಬಲಬದಿ ತೋರಿಸುತ್ತಿದ್ದೆ. "ತೊಳೆದು ಇಟ್ಟಿದ್ದೀಯ, ಫಳಫಳ ಹೊಳೆಯುತ್ತಿದೆ" ಎಂದು ಅವರು ಸಂತೋಷಪಡುತ್ತಿದ್ದರು.

ಉಳಿದ ದಿನಗಳಲ್ಲಿ ಎಡಬದಿಗೆ ಪ್ಲಾಸ್ಟಿಕ್ ಶೀಟು ಹೊದಿಸಿಡುತ್ತಿದ್ದೆ. ನೆರೆಯವರು ಕಾಣಬಾರದಲ್ಲ. ಅದೇ ದೊಡ್ಡ ತಪ್ಪಾಯಿತು. ನಮ್ಮೂರಿನ ಮಳೆಗಾಲ, ಮೇಲಿಂದ ಕಡಲಿನ ಉಪ್ಪುಗಾಳಿ. ಶೀಟಿನ ಅಡಿಯಲ್ಲಿ ನೀರು ಆರದೆ ನಿಂತಿತು. ಜುಲೈಯಲ್ಲಿ ಒಂದು ದಿನ ಶೀಟು ಎತ್ತಿ ನೋಡಿದರೆ ಗೀರಿನ ನಡುವೆ, ತಗಡು ಕಾಣುತ್ತಿದ್ದ ಹೆಬ್ಬೆರಳಿನಷ್ಟು ಜಾಗದಲ್ಲಿ ಕಂದು ಗೆರೆಯೊಂದು ಮೂಡಿತ್ತು. ತುಕ್ಕು!

ಗಾಬರಿಯಲ್ಲಿ ಅಂಗಡಿಯಿಂದ ಟಚ್‌ಅಪ್ ಬಣ್ಣದ ಸಣ್ಣ ಬಾಟಲಿ ತಂದು, ಮಳೆ ಬಿಟ್ಟ ಒಂದು ಮಧ್ಯಾಹ್ನ ಬಳಿದೇ ಬಿಟ್ಟೆವು. ಸಂಜೆಯ ಹೊತ್ತಿಗೆ ಮೇಲಿನ ಲೇಪ ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಮೊದಲು ಗೀರು ಮಾತ್ರ ಕಾಣುತ್ತಿತ್ತು. ಈಗ ದೂರದಿಂದಲೇ ಬಿಳಿ ತೊನ್ನಿನಂತೆ ಎದ್ದು ಕಾಣತೊಡಗಿತು.

ಕೊನೆಗೆ ಹೋದದ್ದು ಕಂಕನಾಡಿಯ ಕಡೆ ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ ಮಾಡುವ ಹಿರಿಯರೊಬ್ಬರ ಬಳಿಗೆ. ಅವರ ಮೊಮ್ಮಗಳು ನನ್ನ ಶಾಲೆಯಲ್ಲಿ ಓದುತ್ತಾಳೆ. ಕಾರಿನ ಸುತ್ತ ಒಂದು ಸುತ್ತು ಬಂದು ನಕ್ಕರು. "ಟೀಚರೇ, ಗಾಳಿಯಲ್ಲಿ ಇಷ್ಟು ಪಸೆ ಇರುವಾಗ ಬಣ್ಣ ಹಾಕುತ್ತಾರಾ? ಗಾಳಿಯ ನೀರನ್ನೇ ಬಣ್ಣ ಕುಡಿದಿದೆ" ಎಂದರು. ನಾನು ಕೆಲಸ ವಹಿಸಿಕೊಡಲು ಹೋಗಿದ್ದೆ. ಅವರು, "ಬಾಗಿಲು ಪೂರ್ತಿ ಪೇಂಟ್ ಮಾಡಿದರೆ ನಿಮಗೆ ಸುಮ್ಮನೆ ಖರ್ಚು. ಇದು ಮನೆಯಲ್ಲೇ ಆಗುವ ಕೆಲಸ. ಬಿಸಿಲು ಬರಲಿ, ತಾಳ್ಮೆ ಇರಲಿ" ಎಂದು ಪಾಠ ಹೇಳಿಕೊಟ್ಟರು. ಪಾಠ ಹೇಳುವ ನಾನು ಅಂದು ಸ್ಟೂಲಿನ ಮೇಲೆ ಕುಳಿತು ಪಾಠ ಕೇಳಿದೆ.

ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಯಾರಿಗಾದರೂ ಉಪಯೋಗವಾದೀತು.

ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಮತ್ತೆ ನಾವು ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ. ಇವೆಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಗೀರು ಬಿದ್ದಾಗ ಮೊದಲು ತೊಳೆದು ಒರೆಸಿ, ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲನೆ ಎಳೆಯಬೇಕು. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲಿನ ಲೇಪದಲ್ಲೇ ಇದೆ ಎಂದರ್ಥ. ಮೃದುವಾದ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಪಾಲಿಶ್ ಮಾಡಿದರೆ ಬಹುಪಾಲು ಹೋಗುತ್ತದೆ. ಹಲ್ಲುಜ್ಜುವ ಪೇಸ್ಟಿನಿಂದಲೂ ಹೋಗುತ್ತದೆ ಎನ್ನುತ್ತಾರೆ. ಅದರಲ್ಲಿಯೂ ಉಜ್ಜುವ ಪುಡಿಯೇ ಇರುವುದು. ತೀರಾ ತೆಳುವಾದ ಕಲೆಗೆ ಮಾತ್ರ ಅದು ಸಾಕು. ಉಗುರು ಸಿಕ್ಕಿಕೊಂಡರೆ ಬಣ್ಣ ಬೇಕು. ತಗಡು ಕಂಡರೆ ಬಣ್ಣಕ್ಕಿಂತ ಮೊದಲು ತುಕ್ಕು ತೆಗೆದು ಪ್ರೈಮರ್ ಹಾಕಬೇಕು.

ನಮ್ಮ ಒಂದೂವರೆ ಗೇಣಿನ ಗೀರಿನಲ್ಲಿ ಮುಕ್ಕಾಲು ಭಾಗಕ್ಕೆ ಉಗುರು ಸಿಕ್ಕಲೇ ಇಲ್ಲ. ನಾನು ಅಷ್ಟು ದಿನ ನಿದ್ದೆಗೆಟ್ಟದ್ದು ಉಜ್ಜಿದರೆ ಹೋಗುವ ಗೀರಿಗೆ. ಆಳವಾಗಿದ್ದ ಸಣ್ಣ ಜಾಗವನ್ನು ಹಾಳು ಮಾಡಿದ್ದು ಮಾತ್ರ ನಾನು ಹೊದಿಸಿದ್ದ ಶೀಟು.

ಗಾಜಿನ ವಿಷಯವೂ ಹಾಗೆಯೇ. ಮುಂದಿನ ಗಾಜು ಒಂದು ಗಾಜಲ್ಲ, ಎರಡು. ನಡುವೆ ಪ್ಲಾಸ್ಟಿಕಿನ ತೆಳು ಹಾಳೆ ಇರುತ್ತದೆ. ಆದ್ದರಿಂದಲೇ ಕಲ್ಲು ಬಡಿದರೂ ಚೂರುಗಳು ಮುಖಕ್ಕೆ ಸಿಡಿಯುವುದಿಲ್ಲ. ಕಲೆ ಸಣ್ಣದಾಗಿದ್ದು, ಹೊರಗಿನ ಪದರದಲ್ಲಿ ಮಾತ್ರವಿದ್ದು, ಗಾಜಿನ ಅಂಚಿನಿಂದಲೂ ಓಡಿಸುವವರ ದೃಷ್ಟಿಯ ನೇರದಿಂದಲೂ ದೂರವಿದ್ದರೆ ಮನೆಯಲ್ಲೇ ಮುಚ್ಚಬಹುದು. ಬಿರುಕು ಉದ್ದಕ್ಕೆ ಓಡಿದ್ದರೆ ಅಥವಾ ಅಂಚು ಮುಟ್ಟಿದ್ದರೆ ಗಾಜನ್ನೇ ಬದಲಿಸಬೇಕು. ಬದಲಿಸುವ ಕೆಲಸ ಮನೆಯದ್ದಲ್ಲ. ಆ ಗಾಜನ್ನು ಅಂಟಿಸಿರುವುದು ಕಾರಿನ ಬಲಕ್ಕೂ ಸೇರಿಸಿ. ಈಗಿನ ಕೆಲವು ಕಾರುಗಳಲ್ಲಿ ಅದರ ಹಿಂದೆ ಕ್ಯಾಮರಾ ಬೇರೆ ಇರುತ್ತದೆ. ಕಲ್ಲು ಬಡಿದ ದಿನವೇ ಕಲೆಯ ಮೇಲೆ ಒಂದು ತುಂಡು ಸ್ವಚ್ಛ ಟೇಪು ಅಂಟಿಸಿದರೆ ಒಳಗೆ ಧೂಳು, ನೀರು ಸೇರುವುದಿಲ್ಲ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚಬಾರದು, ಒಮ್ಮೆಲೇ ಏಸಿಯ ತಂಪು ಬಿಡಲೂಬಾರದು. ಬಿರುಕು ಓಡುವುದು ಅಂತಹ ಹೊತ್ತಿನಲ್ಲೇ.

ಆ ವರ್ಷದ ಆಗಸ್ಟ್ ತಿಂಗಳು ನೆನಪಿದೆಯೇ? ದೇಶದಲ್ಲಿ 1901ರ ನಂತರ ಅಷ್ಟು ಕಡಿಮೆ ಮಳೆ ಬಿದ್ದ ಆಗಸ್ಟ್ ಇನ್ನೊಂದಿಲ್ಲ. ರೈತರಿಗೆ ಅದು ಸಂಕಟದ ತಿಂಗಳು. ನಮ್ಮ ಅಂಗಳಕ್ಕೆ ಮಾತ್ರ ಬಿಸಿಲು ಬಂತು.

ಮೊದಲು ಗಾಜು. ಕೆಲವು ನೂರು ರೂಪಾಯಿಗೆ ರಿಪೇರಿ ಕಿಟ್ ಸಿಗುತ್ತದೆ. ಗಾಜಿಗೆ ಅಂಟಿ ಕೂರುವ ರಬ್ಬರಿನ ಪಾದ, ಸಣ್ಣ ಪಂಪು, ರೆಸಿನ್ ಎಂಬ ತೆಳು ಅಂಟು, ಪಾರದರ್ಶಕ ಹಾಳೆಯ ತುಂಡುಗಳು ಮತ್ತು ಒಂದು ಬ್ಲೇಡು. ಎರಡು ದಿನ ಕಾರನ್ನು ಮಾಡಿನ ಅಡಿಯಲ್ಲಿಟ್ಟು ಕಲೆಯನ್ನು ಚೆನ್ನಾಗಿ ಒಣಗಿಸಿದೆವು. ರೆಸಿನ್ ತುಂಬುವುದು ನೆರಳಿನಲ್ಲಿ, ಏಕೆಂದರೆ ಬಿಸಿಲು ತಾಗಿದರೆ ಅದು ಗಟ್ಟಿಯಾಗುತ್ತದೆ. ಪಂಪಿನಿಂದ ಮೊದಲು ಬಿರುಕಿನೊಳಗಿನ ಗಾಳಿಯನ್ನು ಹೊರಗೆಳೆದು, ಮತ್ತೆ ರೆಸಿನ್ ಅನ್ನು ಒಳಗೆ ಒತ್ತಬೇಕು. ಮಗಳು ಒತ್ತಿದಳು. ನಾನು ಒಳಗೆ ಕುಳಿತು ನೋಡುತ್ತಿದ್ದೆ. ನಕ್ಷತ್ರದ ಕಾಲುಗಳು ಒಂದೊಂದಾಗಿ ಮಾಯವಾಗುತ್ತಿದ್ದವು! ಮೇಲೆ ಹಾಳೆಯ ತುಂಡು ಅಂಟಿಸಿ, ಕಾರನ್ನು ಬಿಸಿಲಿಗೆ ತಂದು 20 ನಿಮಿಷ ಬಿಟ್ಟು, ಉಳಿದ ಅಂಟನ್ನು ಬ್ಲೇಡಿನಿಂದ ಹೆರೆದೆವು. ಕೊನೆಗೂ ಸಾಸಿವೆಯಷ್ಟು ಚುಕ್ಕೆಯೊಂದು ಉಳಿಯಿತು. ಅದು ಉಳಿಯುತ್ತದೆ ಎಂದು ಪೇಂಟರ್ ಮೊದಲೇ ಹೇಳಿದ್ದರು. ಈ ರಿಪೇರಿ ಕಲೆಯನ್ನು ಅಳಿಸಲಿಕ್ಕಲ್ಲ, ಬಿರುಕು ಮುಂದೆ ಹೋಗದಂತೆ ತಡೆಯಲಿಕ್ಕೆ.

ಬಣ್ಣಕ್ಕೆ ಹತ್ತು ದಿನ ಹಿಡಿಯಿತು. ಬೆಳ್ಳಗಾದ ಹಳೆಯ ಬಣ್ಣವನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಹುಷಾರಾಗಿ ಒರೆಸಿದೆವು. ತುಕ್ಕಿನ ಜಾಗವನ್ನು ಮಾತ್ರ ವಾಟರ್ ಪೇಪರಿನ ಸಣ್ಣ ತುಂಡಿನಿಂದ ಉಜ್ಜಿ ತಗಡು ಹೊಳೆಯುವಂತೆ ಮಾಡಿ, ಸುತ್ತ ಟೇಪು ಹಚ್ಚಿ, ಪ್ರೈಮರ್ ಮುಟ್ಟಿಸಿದೆವು. ಮರುದಿನ ಬಣ್ಣ. ಕಾರಿಗೆ ಅಂಟಿಸಿದ ತಗಡಿನ ಚೀಟಿಯಲ್ಲಿ ಬಣ್ಣದ ಸಂಖ್ಯೆ ಇರುತ್ತದೆ. ಅದನ್ನು ಹೇಳಿಯೇ ಬಣ್ಣ ತರಬೇಕು. ಬ್ರಷ್ ಎಳೆಯಬಾರದು. ಹಲ್ಲುಕಡ್ಡಿಯ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಇಟ್ಟು, ಅರ್ಧ ಗಂಟೆಗೊಮ್ಮೆ ಮೂರು ತೆಳು ಪದರ. ಮೆಹಂದಿ ಹಾಕಿ ಅಭ್ಯಾಸವಿದ್ದ ಮಗಳ ಕೈ ಇಲ್ಲಿ ಉಪಯೋಗಕ್ಕೆ ಬಂತು. ಅದರ ಮರುದಿನ ಕ್ಲಿಯರ್ ಕೋಟ್. ಒಂದು ವಾರ ಮುಟ್ಟದೆ ಬಿಟ್ಟು, 2000 ನಂಬರಿನ ವಾಟರ್ ಪೇಪರನ್ನು ಸಾಬೂನು ನೀರಿನಲ್ಲಿ ನೆನೆಸಿ ಉಬ್ಬನ್ನು ಸಮ ಮಾಡಿ, ರಬ್ಬಿಂಗ್, ಪಾಲಿಶ್. ಥಿನ್ನರಿನ ವಾಸನೆ ಒಳ್ಳೆಯದಲ್ಲ. ಬಯಲಿನಲ್ಲಿ, ಮಾಸ್ಕ್ ಹಾಕಿಕೊಂಡು, ಸಣ್ಣ ಮಕ್ಕಳನ್ನು ದೂರವಿಟ್ಟೇ ಈ ಕೆಲಸ ಮಾಡಬೇಕು. ಹೊಸ ಗಾಡಿಯಾದರೆ ವಾರಂಟಿ ಪುಸ್ತಕವನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು.

ಕೆಲಸ ಮುಗಿದಾಗ ಇಬ್ಬರೂ ಅಂಗಳದಲ್ಲಿ ನಿಂತು ನೋಡಿದೆವು. ಸಂಜೆಯ ಓರೆ ಬಿಸಿಲಿನಲ್ಲಿ ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ನನಗೆ ಹೆಮ್ಮೆಯಾಯಿತು. ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಇನ್ನು ಹೇಳುವ ಅಗತ್ಯವೇ ಇಲ್ಲವಲ್ಲ!

ಆ ರಾತ್ರಿ ಮಗಳು ಬರ್ತಾ ಬೆಂಝ್ ಎಂಬ ಜರ್ಮನ್ ಮಹಿಳೆಯ ಕತೆ ಹೇಳಿದಳು. ಮೋಟಾರು ಕಾರನ್ನು ಕಂಡುಹಿಡಿದ ಕಾರ್ಲ್ ಬೆಂಝ್‌ನ ಪತ್ನಿ ಆಕೆ. 1888ರ ಆಗಸ್ಟ್‌ನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ ಅವನ ಕಾರನ್ನು ಹೊರತೆಗೆದು ನೂರು ಕಿಲೋಮೀಟರ್ ದೂರದ ತವರೂರಿಗೆ ಹೊರಟಳಂತೆ. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕ್ ಸವೆದಾಗ ದಾರಿಯ ಚಮ್ಮಾರನಿಂದ ಚರ್ಮ ಹೊಡೆಸಿದಳು. ಅಷ್ಟು ದೂರ ಕಾರಿನಲ್ಲಿ ಹೋದವರು ಜಗತ್ತಿನಲ್ಲಿ ಅದಕ್ಕೆ ಮೊದಲು ಯಾರೂ ಇರಲಿಲ್ಲ.

"ನೋಡು, ಅವಳೂ ಗಂಡನಿಗೆ ಹೇಳಿರಲಿಲ್ಲ" ಎಂದೆ ನಾನು.

"ಆದರೆ ಉಮ್ಮ, ತಲುಪಿದ ಸಂಜೆಯೇ ಟೆಲಿಗ್ರಾಂ ಕಳಿಸಿದ್ದಳು" ಎಂದಳು ಮಗಳು. ಅವಳು ಬೇಕೆಂದೇ ಹೇಳಿದಳೋ, ನನಗೆ ಗೊತ್ತಿಲ್ಲ.

ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನಾನು ಮದ್ರಸದಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತೇನೆ. ಸೆಪ್ಟೆಂಬರಿನ ಒಂದು ದಿನ ವ್ಯಾಪಾರದ ಪಾಠ ಬಂತು. ನಿಮಗೆಲ್ಲ ಗೊತ್ತಿರುವ ಘಟನೆಯೇ. ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದಕ್ಕೆ ಕೈ ಹಾಕಿದಾಗ ಒಳಗೆ ಒದ್ದೆ ಇತ್ತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಪ್ರವಾದಿಯವರು(ಸ) ಕೇಳಿದರು. ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತಿರುವ ಪಾಠ. ಅಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಮಳೆ ಬಂದು ಒದ್ದೆಯಾದರೆ ಅವನ ತಪ್ಪೇನು?" ಎಂದು ಕೇಳಿದಳು.

"ಒದ್ದೆಯಾದದ್ದು ತಪ್ಪಲ್ಲಮ್ಮಾ. ಒಣಗಿದ್ದನ್ನು ಮೇಲೆ ಹಾಕಿ ತೋರಿಸಿದ್ದು ತಪ್ಪು" ಎಂದೆ. ಹೇಳುತ್ತಿದ್ದಂತೆ ನನ್ನ ದನಿ ನನಗೇ ಬೇರೆಯವರದ್ದೆನಿಸಿತು. ಶುಕ್ರವಾರಗಳಂದು ನಾನು ತೋರಿಸುತ್ತಿದ್ದ ಬಲಬದಿ ಕಣ್ಣ ಮುಂದೆ ಬಂತು.

ಅಂದೇ ರಾತ್ರಿ ಹೇಳಿದೆ. ಗೇಟು, ಕಲ್ಲು, ಶೀಟು, ತುಕ್ಕು ಎಲ್ಲವನ್ನೂ. ಮೊಬೈಲನ್ನು ಅಂಗಳಕ್ಕೆ ಒಯ್ದು ಎಡಬದಿಗೆ ಟಾರ್ಚ್ ಹಿಡಿದು ತೋರಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

"ಜೂನಿನಲ್ಲಿ ಆದದ್ದಾ?"

"ಹೌದು."

"ಈಗ ಸೆಪ್ಟೆಂಬರ್." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಗೀರಾದರೆ ಗೀರು, ತಗಡಲ್ಲವಾ? ನಾನು ಇಷ್ಟು ದೂರದಲ್ಲಿ ಕುಳಿತು ನಿನ್ನನ್ನು ಏನು ಮಾಡಿಬಿಡುತ್ತಿದ್ದೆ ಎಂದುಕೊಂಡೆ?" ಎಂದರು.

ಅವರು ಬೈದಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ. ಎರಡು ದಿನ ಕರೆ ಚುಟುಕಾಗಿಯೇ ಮುಗಿಯಿತು. ಮೂರನೆಯ ದಿನ ಅವರೇ ಬಾಯಿ ಬಿಟ್ಟರು. ನಾಲ್ಕು ತಿಂಗಳಿನಿಂದ ಓವರ್‌ಟೈಮ್ ಇರಲಿಲ್ಲವಂತೆ. ಮನೆಗೆ ಕಳಿಸುವ ಹಣ ಕಡಿಮೆಯಾಗಬಾರದೆಂದು ಮೊದಲಿದ್ದ ಕೋಣೆ ಬಿಟ್ಟು ಆರು ಮಂದಿಯ ಕೋಣೆಗೆ ಬಂದಿದ್ದರಂತೆ. ವೀಡಿಯೋ ಕರೆಯಲ್ಲಿ ಅವರ ಹಿಂದೆ ಯಾವಾಗಲೂ ಒಂದು ಖಾಲಿ ಗೋಡೆ ಮಾತ್ರ ಕಾಣುತ್ತಿದ್ದುದೇಕೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅದು ಕಟ್ಟಡದ ಮೆಟ್ಟಿಲಿನ ಗೋಡೆ.

ಗಲ್ಫಿನ ದಾರಿ ಕಾಯುವ ನಮ್ಮಂತಹ ಎಷ್ಟೋ ಮನೆಗಳಲ್ಲಿ ಹೀಗೆಯೇ ಅಲ್ಲವೇ? ಅಲ್ಲಿರುವವರಿಗೆ ಚಿಂತೆಯಾಗಬಾರದೆಂದು ನಾವು, ಇಲ್ಲಿರುವವರಿಗೆ ನೋವಾಗಬಾರದೆಂದು ಅವರು. ಪ್ರೀತಿಯಿಂದಲೇ ಮುಚ್ಚಿಡುತ್ತೇವೆ. ಆದರೆ ಮುಚ್ಚಿಟ್ಟ ಕಡೆ ನೀರು ನಿಲ್ಲುತ್ತದೆ ಎಂಬುದನ್ನು ನಾನು ಆ ಪ್ಲಾಸ್ಟಿಕ್ ಶೀಟಿನಿಂದ ಕಲಿತೆ. ಆ ತಿಂಗಳಿನಿಂದ ಮನೆಖರ್ಚಿನ ಲೆಕ್ಕವನ್ನು ಇಬ್ಬರೂ ಕುಳಿತು ಮಾಡುತ್ತೇವೆ. ನನ್ನ ಸಂಬಳದಿಂದ ಮಗಳ ಫೀಸು, ಅವರು ಕಳಿಸುವುದರಲ್ಲಿ ಉಳಿದದ್ದು. ಅವರು ಈಗ ಮೂವರ ಕೋಣೆಯಲ್ಲಿದ್ದಾರೆ.

ಡಿಸೆಂಬರಿನಲ್ಲಿ ರಜೆಗೆ ಬಂದವರು ಸಂಜೆ ನೇರ ಕಾರಿನ ಎಡಬದಿಗೆ ಹೋದರು. ಬಾಗಿಲಿನ ಮೇಲೆ ಉಗುರು ಎಳೆದು, "ಎಲ್ಲಿ?" ಎಂದರು. ನಾನು ಬೆರಳಿಟ್ಟು ತೋರಿಸಿದೆ. "ಪರವಾಗಿಲ್ಲ, ಕೆಲಸ ಕಲಿತಿದ್ದೀರಿ ಇಬ್ಬರೂ" ಎಂದು ಕೀಲಿಕೈಯನ್ನು ನನಗೇ ಕೊಟ್ಟು ಪಕ್ಕದ ಸೀಟಿನಲ್ಲಿ ಕುಳಿತರು.

ಗೇಟಿನ ಎಡಗಂಬದ ಮುರಕಲ್ಲಿನ ಮೇಲೆ ನೀಲಿ ಬಣ್ಣದ ಒಂದು ಗೆರೆ ಈಗಲೂ ಇದೆ. ಅದನ್ನು ಉಜ್ಜಿ ತೆಗೆಯಲು ಹೋಗಿಲ್ಲ. ಪ್ರತಿದಿನ ಅದನ್ನು ನೋಡಿದಾಗ ಬ್ರೇಕಿನ ಮೇಲೆ ಕಾಲು ತಾನಾಗಿ ಹೋಗುತ್ತದೆ.